ನಡುಹಾಳೆಯ ಗಂಟು

ನಡೆವಯ್ಯನಿಗೆ ವಿಗ್ರಹವಿಲ್ಲ. ಕೂತವನಿಗೆ ಕಲಿತದ್ದು ಮರೆತುಹೋಗುತ್ತದೆ, ಅದಕ್ಕೇ ದೇವರು ನಡೆಯುತ್ತಲೇ ಇದ್ದಾನೆ ಎಂದು ಅವನ ಒಕ್ಕಲಿನವರು ನಂಬುತ್ತಾರೆ. ಅವನ ಗುಡಿಗೆ ಎರಡು ಬಾಗಿಲು. ಒಂದರಲ್ಲಿ ಬಂದವರು ತಮಗೆ ಗೊತ್ತಿದ್ದ ಒಂದು ಸಂಗತಿಯನ್ನು ಅಲ್ಲಿದ್ದವರಿಗೆ ಹೇಳಿ, ಗೊತ್ತಿಲ್ಲದ ಒಂದನ್ನು ಕೇಳಿಕೊಂಡು, ಇನ್ನೊಂದರಲ್ಲಿ ಹೊರಡಬೇಕು. ಕಾಣಿಕೆಯೂ ಅದೇ, ಪ್ರಸಾದವೂ ಅದೇ.

ಸತ್ತವರು ಮಾತ್ರ ತಾವಾಗಿ ಹೊರಡಲಾರರು. ಅವರಿಗೆ ಗೊತ್ತಿದ್ದ ಒಂದು ಕೆಲಸವನ್ನು ಮನೆಯವರು ಒಬ್ಬ ದಾರಿಹೋಕನಿಗೆ ಕಲಿಸಬೇಕು. ಆತ ಸತ್ತವರು ಎಂದೂ ಕಾಣದ ಕಡೆಗೆ ಹೊರಟವನಾಗಿರಬೇಕು. ಅವನು ಗುಡಿಯ ಎರಡನೆಯ ಬಾಗಿಲು ದಾಟಿದಾಗ ಸತ್ತವರೂ ಅವನ ಜೊತೆ ದಾಟುತ್ತಾರೆ. ಅಲ್ಲಿಯವರೆಗೆ ಮನೆಯಲ್ಲೇ ಇರುತ್ತಾರೆ.

ಸೂಜಿಯಮ್ಮನ ಯಜಮಾನರು ಇನ್ನೂ ಮನೆಯಲ್ಲೇ ಇದ್ದರು.

ಬೀದಿಗೆ ತೆರೆದ ಮುಂದಿನ ಕೋಣೆಯೇ ಅವರ ಅಂಗಡಿ. ಗಂಡ ಪುಸ್ತಕ ಕಟ್ಟುತ್ತಿದ್ದರು, ಹೆಂಡತಿ ಹಾಳೆ ಮಡಿಸಿ ದಾರಕ್ಕೆ ಮೇಣ ಸವರಿ ಕೊಡುತ್ತಿದ್ದಳು. ಈಗ ಎರಡೂ ಅವಳದೇ ಕೆಲಸ. ಆದರೂ ಮೇಜಿನ ಬಲಗಡೆಯನ್ನು ಅವಳು ಖಾಲಿ ಬಿಟ್ಟಿದ್ದಳು. ಅಂಟು ಕುದಿಯುವಾಗ ಆ ಕಡೆ ತಿರುಗಿ, "ಸಾಕಾ, ಇನ್ನೂ ಗಟ್ಟಿ ಆಗ್ಬೇಕಾ?" ಎಂದು ಕೇಳುತ್ತಿದ್ದಳು. ಉತ್ತರ ಬರುತ್ತಿರಲಿಲ್ಲ. ಇದ್ದಾಗಲೂ ಅವರು ಮಾತಿನಲ್ಲಿ ಜಿಪುಣರೇ, ಹಾಗಾಗಿ ಅದು ಅವಳಿಗೆ ದೊಡ್ಡ ಕೊರತೆಯಾಗಿ ಕಾಣಲಿಲ್ಲ.

ಹಿಂಬದಿಯ ಮನೆಯಲ್ಲಿದ್ದ ನಾದಿನಿ ದಿನಕ್ಕೊಮ್ಮೆ ಬಂದು ಇದನ್ನೇ ಎತ್ತುತ್ತಿದ್ದಳು.

"ಅತ್ತಿಗೆ, ಅಣ್ಣನ್ನ ಇನ್ನೆಷ್ಟು ದಿನ ಕೂಡಿ ಹಾಕ್ಕೊಂಡಿರ್ತೀಯ? ಬದುಕಿದ್ದಾಗ ಊರ ಸೇತುವೆ ಆಚೆ ಹೋದೋನಲ್ಲ ಪಾಪ."

"ನಿಮ್ಮಣ್ಣಂಗೆ ಮೊಣಕಾಲು ನೋವಿತ್ತು."

"ಸತ್ತ ಮೇಲೂ ನೋಯುತ್ತಾ?"

"ನಂಗೇನು ಗೊತ್ತು, ನೀನೇನು ಸತ್ತು ಬಂದಿದ್ದೀಯಾ?"

ಯಜಮಾನರಿಗೆ ಸಮುದ್ರ ನೋಡುವ ಆಸೆಯಿತ್ತು. ದೂರದಿಂದ ಬಂದ ಗಿರಾಕಿಗಳನ್ನೆಲ್ಲ ಅದನ್ನೇ ಕೇಳುವರು: ನೀರಿನ ಬಣ್ಣ ಎಂಥದು, ಸದ್ದು ಎಷ್ಟು ದೂರ ಕೇಳುತ್ತದೆ. ಆದ್ದರಿಂದ ಸಮುದ್ರದ ದಾರಿ ಹಿಡಿದ ಒಬ್ಬ ಗಡಿಯಾರ ರಿಪೇರಿಯವನು ಗುಡಿಗೆ ಬಂದಾಗ, ಬಾಗಿಲು ಕಾಯುವ ಮುದುಕರೊಬ್ಬರು ಅವನನ್ನು ನೇರವಾಗಿ ಸೂಜಿಯಮ್ಮನಲ್ಲಿಗೆ ಕಳಿಸಿದರು. ಇನ್ನು ಇಲ್ಲವೆನ್ನಲು ದಾರಿಯಿರಲಿಲ್ಲ.

ಕಲಿಸಬೇಕಾದದ್ದು ಯಾವುದೆಂದು ಬೀದಿಗೆಲ್ಲ ಗೊತ್ತಿತ್ತು. ಬೇರೆಯವರು ಪುಸ್ತಕವನ್ನು ಮೊದಲ ಹಾಳೆಯಿಂದ ಹೊಲಿಯುತ್ತ ಬಂದು ಕೊನೆಯಲ್ಲಿ ಗಂಟು ಹಾಕುತ್ತಾರೆ. ಯಜಮಾನರು ನಡುವಿನಿಂದ ಆರಂಭಿಸಿ, ಎರಡು ಕಡೆಗೂ ಹೋಗಿ, ಮತ್ತೆ ನಡುವಿಗೇ ಬಂದು, ಗಂಟನ್ನು ಅಲ್ಲಿ ಹುದುಗಿಸುತ್ತಿದ್ದರು. ಅಂಥ ಪುಸ್ತಕ ಅಂಗೈ ಮೇಲೆ ರೊಟ್ಟಿಯ ಹಾಗೆ ತೆರೆದುಕೊಂಡು ಮಲಗುತ್ತಿತ್ತು. ನಡೆಯುತ್ತ ಓದುವವರಿಗೆ ಅದಕ್ಕಿಂತ ಬೇರೆ ಬೇಕಿರಲಿಲ್ಲ.

ಗಡಿಯಾರದವನು ನಡುವಯಸ್ಸಿನವನು, ದೊಡ್ಡ ಕೈ, ಸಣ್ಣ ದನಿ. "ಕೂದಲಿನಷ್ಟು ತೆಳ್ಳಗಿನ ಸ್ಪ್ರಿಂಗ್ ಕೂರಿಸ್ತೀನಮ್ಮ, ಆದ್ರೆ ಅಂಗಿ ಗುಂಡಿ ಹೊಲಿಯೋಕೆ ಬರಲ್ಲ. ಬೈಬೇಡಿ" ಎಂದು ಮೊದಲೇ ಕೇಳಿಕೊಂಡ.

ಅವಳು ಬೈಯಲಿಲ್ಲ. ಸೂಜಿಗೆ ದಾರ ಪೋಣಿಸಿ ಕೊಟ್ಟಳು. ಅವನು ಕೂರಲು ಜಾಗ ಹುಡುಕಿ ಮೇಜಿನ ಬಲಗಡೆಗೆ ಬಂದ. ನಾಳೆ ಈ ಮನುಷ್ಯ ಎದ್ದು ಹೋಗುತ್ತಾನೆ, ಅವನ ಹಿಂದೆ ಅವರೂ ಹೋಗುತ್ತಾರೆ, ನಾನು ಅಂಟು ಗಟ್ಟಿಯಾಯಿತಾ ಎಂದು ಗೋಡೆಯನ್ನು ಕೇಳಬೇಕು. ಇಷ್ಟು ಯೋಚನೆ ಬರುವಷ್ಟರಲ್ಲಿ ಅವಳ ಕೈ ಮೊದಲ ಹಾಳೆಯ ಮಡಿಕೆಯನ್ನು ಅವನ ಮುಂದೆ ಸರಿಸಿತ್ತು.

"ಇಲ್ಲಿಂದ ಶುರು ಮಾಡಪ್ಪ," ಎಂದಳು.

ಸಂಜೆಯವರೆಗೂ ಕಲಿಸಿದಳು. ಯಾವ ಅಂಗಡಿಯಲ್ಲೂ ಸಿಗುವ ಸಾಧಾರಣ ಹೊಲಿಗೆ. ಕೊನೆಯ ಹಾಳೆಯಲ್ಲಿ ಗಂಟು ಬಿತ್ತು. ನಾದಿನಿ ಬಂದು ಪುಸ್ತಕವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ಸೂಜಿಯಮ್ಮ ಮೇಜಿನ ಮೇಲಿದ್ದ ದಾರದ ತುಂಡುಗಳನ್ನು ಆಯತೊಡಗಿದಳು. ನಾದಿನಿ, "ಕೈ ದಪ್ಪ ಆದ್ರೂ ಹೊಲಿಗೆ ಪರವಾಗಿಲ್ಲ," ಎಂದಷ್ಟೇ ಹೇಳಿ ಕೆಳಗಿಟ್ಟು ಹೋದಳು.

ಮರುದಿನ ಬೆಳಿಗ್ಗೆ ಮೂವರೂ ಗುಡಿಗೆ ಹೋದರು. ಒಳಗೆ ಬರಿಯ ಕಲ್ಲುನೆಲ. ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಗಾಳಿ ತಡೆಯಿಲ್ಲದೆ ಹಾಯುತ್ತಿತ್ತು. ಬಾಗಿಲು ಕಾಯುವವರು ಸೂಜಿಯಮ್ಮನನ್ನು ಎರಡನೆಯ ಬಾಗಿಲ ಪಕ್ಕದಲ್ಲಿ ನಿಲ್ಲಿಸಿದರು. ಗಡಿಯಾರದವನು ಹೆಗಲಿಗೆ ಚೀಲ ಏರಿಸಿ ಸಿದ್ಧನಾದ. ಅವಳು ಹೇಳಬೇಕಾದ ಮಾತು ಚಿಕ್ಕದು: "ಅವರಿಗೆ ಗೊತ್ತಿದ್ದದ್ದು ಇವನಿಗೆ ಗೊತ್ತಾಗಿದೆ." ಅದಾದ ಮೇಲೆ ಒಂದೇ ಪದ: "ನಡೆಯಿರಿ."

"ಅವರಿಗೆ ಗೊತ್ತಿದ್ದದ್ದು..." ಎಂದು ಆರಂಭಿಸಿದಳು. ಅಷ್ಟಕ್ಕೇ ಮಾತು ತುಂಡಾಯಿತು. ಮನೆಯಲ್ಲಿ ನಾದಿನಿಗೆ ಸುಳ್ಳು ಹೇಳಬಹುದು, ಬೀದಿಗೆ ಹೇಳಬಹುದು. ಎಲ್ಲವನ್ನೂ ಅರಿತು ಅರಿತೂ ಸಾಲದೆಂದು ನಡೆಯುತ್ತಿರುವ ದೇವರ ಬಾಗಿಲಲ್ಲಿ ನಿಂತು, ಗೊತ್ತಾಗದ್ದನ್ನು ಗೊತ್ತಾಗಿದೆ ಎನ್ನುವುದು ಹೇಗೆ? ಅದಕ್ಕಿಂತಲೂ ಅವಳನ್ನು ಕುಟುಕಿದ್ದು ಬೇರೆ: ಈ ಹೊತ್ತಿನಲ್ಲಿ ಯಜಮಾನರು ಚಪ್ಪಲಿ ಮೆಟ್ಟಿಕೊಂಡು ಹೊಸಿಲಲ್ಲಿ ಕಾಯುತ್ತಿರಬಹುದು. ಗಿರಾಕಿಗಳಿಗೆ ಕಿವಿಗೊಟ್ಟು ಸಮುದ್ರವನ್ನು ಕೇಳುತ್ತಿದ್ದ ಆ ಮುಖ ಅವಳ ಕಣ್ಣಿಗೆ ಕಟ್ಟಿತು.

"ಅಯ್ಯಾ, ಆ ಗಂಟು ಅವರದಲ್ಲ," ಎಂದಳು. "ನಾನೇ ಬೇಕಂತ ಬೇರೆದು ಕಲಿಸ್ದೆ."

ಗಡಿಯಾರದವನು ಚೀಲ ಇಳಿಸಿದ. "ಅಂದ್ರೆ ನಿನ್ನೆ ಇಡೀ ದಿನ ಬೆರಳು ಚುಚ್ಕೊಂಡಿದ್ದು ದಂಡಾನಾ ಅಮ್ಮ?"

"ದಂಡ ಅಲ್ಲಪ್ಪ. ಅದೂ ಒಂದು ಹೊಲಿಗೇನೇ."

ಅವಳು ನಾದಿನಿಯ ಬಯ್ಗುಳಕ್ಕೆ ತಲೆತಗ್ಗಿಸಿ ಕಾದಳು. ನಾದಿನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು.

"ನಂಗೆ ನಿನ್ನೆನೇ ಗೊತ್ತಾಯ್ತು ಅತ್ತಿಗೆ. ಅಣ್ಣನ ಹೊಲಿಗೆ ನೋಡ್ತಾನೇ ಬೆಳೆದೋಳು ನಾನು."

"ಮತ್ಯಾಕೆ ಸುಮ್ನಿದ್ದೆ?"

"ಹೇಳ್ಬೇಕು ಅಂತಾನೇ ಬಾಯಿ ತೆರೆದೆ," ಎಂದಳು ನಾದಿನಿ. "ಅಣ್ಣ ಇನ್ನೊಂದು ನಾಲ್ಕು ದಿನ ಇರ್ಲಿ ಅನ್ನಿಸ್ತು."

ಸೂಜಿಯಮ್ಮ ಅವಳ ಕೈ ಹಿಡಿದುಕೊಂಡಳು. ದಿನಾ ಕಳಿಸು ಕಳಿಸು ಎಂದು ಜೀವ ತಿಂದವಳ ಕೈ ತಣ್ಣಗಿತ್ತು.

ಬಾಗಿಲು ಕಾಯುವವರು ಬಯ್ಯಲೂ ಇಲ್ಲ, ಉಪದೇಶ ಮಾಡಲೂ ಇಲ್ಲ. "ದೇವರು ಎಲ್ಲೂ ಓಡಿಹೋಗಲ್ಲ, ನಡೀತಾನೆ ಅಷ್ಟೆ," ಎಂದರು. "ಈಗಲೇ ಕಲಿಸು ತಾಯಿ. ಗುಡಿ ಒಳಗೆ ಕೂರೋ ಹಾಗಿಲ್ಲ, ಹೊರಗೆ ಮೆಟ್ಟಿಲಿದೆ." ತಾವೇ ಅಂಗಡಿಗೆ ಹೋಗಿ ಸೂಜಿ, ದಾರ, ಹಾಳೆ ತಂದುಕೊಟ್ಟರು.

ಬಿಸಿಲು ಏರುವವರೆಗೂ ಅವರು ಮೆಟ್ಟಿಲ ಮೇಲೆ ಕೂತಿದ್ದರು. "ನಡುವಿಂದ ಶುರು ಮಾಡು. ಈಗ ಆ ಕಡೆ. ಎಳೀಬೇಡ, ಹಾಳೆ ಹರಿಯುತ್ತೆ. ಇವರು ಏನಂತಿದ್ರು ಗೊತ್ತಾ, ದಾರಾನ ಕರೀಬೇಕಂತೆ, ಎಳೀಬಾರ್ದಂತೆ." ಇಷ್ಟು ಮಾತು ಅವರು ಯಾವಾಗ ಆಡಿದ್ದರೋ ಅವಳಿಗೇ ನೆನಪಿರಲಿಲ್ಲ. ಬಾಯಿಂದ ತಾನಾಗಿ ಬಂತು. ಗಡಿಯಾರದವನು ಎರಡು ಸಲ ಕೆಡಿಸಿದ. ಅವಳು ಬಿಚ್ಚಿ ಮತ್ತೆ ಹಾಕಿಸಿದಳು. ಒಮ್ಮೆಯಂತೂ ಸರಿಯಾಗಿದ್ದದ್ದನ್ನೇ ಬಿಚ್ಚಿಸಿದಳು. ನಾದಿನಿ ಕಂಡೂ ಕಾಣದವಳಂತೆ ಬೇರೆ ಕಡೆ ನೋಡಿದಳು.

ಕೊನೆಗೆ ಗಂಟು ನಡುಹಾಳೆಯೊಳಗೆ ಸೇರಿ ಮರೆಯಾಯಿತು. ಅವನು ಅಂಗೈ ಚಾಚಿದ. ಪುಸ್ತಕ ಮಲಗಿತು.

"ಅವರಿಗೆ ಗೊತ್ತಿದ್ದದ್ದು ಇವನಿಗೆ ಗೊತ್ತಾಗಿದೆ," ಎಂದಳು ಸೂಜಿಯಮ್ಮ, ಮತ್ತೆ ಎರಡನೆಯ ಬಾಗಿಲ ಪಕ್ಕ ನಿಂತು. ಈ ಸಲ ಮಾತು ತುಂಡಾಗಲಿಲ್ಲ. "ನಡೆಯಿರಿ."

ಗಡಿಯಾರದವನು ಒಳಗೆ ಹೋಗಿ, ಎರಡನೆಯ ಬಾಗಿಲು ದಾಟಿ, ಮೆಟ್ಟಿಲಿಳಿದು ರಸ್ತೆಗೆ ಸೇರಿದ. ಅವಳು ಅವನ ಪಕ್ಕದ ಖಾಲಿ ಜಾಗವನ್ನೇ ನೋಡುತ್ತಿದ್ದಳು. ಅಲ್ಲಿ ಏನೂ ಕಾಣಲಿಲ್ಲ. ಆದರೂ ತಡೆಯಲಾರದೆ ಕೂಗಿ ಹೇಳಿದಳು:

"ಇಳಿಜಾರಲ್ಲಿ ನಿಧಾನ. ಸುಸ್ತಾದ್ರೆ ಎಲ್ಲಾದ್ರೂ ಕೂತ್ಕೊಳ್ಳಿ, ದೇವರೇನೂ ಅಂದ್ಕೊಳ್ಳಲ್ಲ. ನೀರಿಗೆ ತೀರಾ ಹತ್ತಿರ ಹೋಗ್ಬೇಡಿ, ಈಜು ಬರಲ್ಲ ನಿಮಗೆ."

ಗಡಿಯಾರದವನು ನಿಂತು ತಿರುಗಿದ. ಮಾತು ಯಾರಿಗೆಂದು ಒಂದು ಕ್ಷಣ ಯೋಚಿಸಿದ.

"ಆಗಲಿ ಅಮ್ಮ," ಎಂದು, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು, ರಸ್ತೆಯ ಅಂಚಿಗೆ ಸರಿದು ನಡೆದ.