ಬೀಳಲೇಬೇಕಾದ ಪರೀಕ್ಷೆ

ಗಿರಾಕಿಯ ಅರ್ಧ ಮೀಸೆ ಬೋಳಿಸಿ ಅವನ ತೊಡೆಯ ಮೇಲೇ ಎಚ್ಚರ ತಪ್ಪಿ ಬಿದ್ದ ಕ್ಷೌರದಂಗಡಿಯವನಿಗೆ ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ಡಾಕ್ಟರು ಪರವಾಗಿಲ್ಲ ಅಂದ್ರೆ ಸರಿ. ಇಲ್ಲಾಂದ್ರೆ ಅಂಗಡಿ ನನ್ನ ತಮ್ಮಂಗೆ."

ಆ ತಮ್ಮನೋ, ಕತ್ತರಿ ಹಿಡಿಯುವುದಷ್ಟೇ ಕಲಿತಿದ್ದ, ಕತ್ತಿ ಇನ್ನೂ ಮುಟ್ಟಿರಲಿಲ್ಲ. ಆಗಲೇ ಅಂಗಡಿಗೆ ಯಾವ ಬಣ್ಣ ಬಳಿಸಲಿ ಎಂದು ಯೋಚಿಸುತ್ತಿದ್ದ. ಆಸ್ಪತ್ರೆಗೂ ಬಾಲದಂತೆ ಬಂದ.

ಅಲ್ಲಿ ಭಾವನನ್ನು ಒಂದು ಮಂಚದ ಮೇಲೆ ಮಲಗಿಸಿ, ಪಟ್ಟಿ ಬಿಗಿದು, ಎದೆಗೆ ತಂತಿ ಅಂಟಿಸಿ, ಮಂಚವನ್ನೇ ಎತ್ತಿ ನಿಲ್ಲಿಸಿದರು. ಬಿದ್ದರೆ ಅಂಗಡಿ ಹೋಯಿತು ಎಂದು ಅವನು ಹಲ್ಲು ಕಚ್ಚಿ ಕಾಲು ಸೆಟೆಸಿದ.

"ಯಜಮಾನ್ರೇ, ಕಾಲು ಸಡಿಲ ಬಿಡಿ," ಎಂದರು ಡಾಕ್ಟರಮ್ಮ. "ಇಲ್ಲಿ ಎಚ್ಚರ ತಪ್ಪಿ ಬಿದ್ರೇನೇ ಕಾರಣ ಗೊತ್ತಾಗೋದು."

"ಬೀಳೋಕೆ ಇಲ್ಲೀತನಕ ಬರಬೇಕಿತ್ತಾ? ಅಂಗಡೀಲೇ ಪುಕ್ಕಟೆ ಬೀಳ್ತಿದ್ನಲ್ಲ!"

"ಬಿದ್ಬಿಡಿ ಭಾವ, ನಾಚ್ಕೋಬೇಡಿ," ಎಂದ ಬಾಮೈದ ಮೂಲೆಯಿಂದ. "ಅಂಗಡಿ ನಾನು ನೋಡ್ಕೋತೀನಿ."

ಭಾವನಿಗೆ ಪಿತ್ತ ನೆತ್ತಿಗೇರಿತು. ಆದರೂ ಡಾಕ್ಟರಮ್ಮನ ಮಾತಿಗೆ ಕಾಲು ಸಡಿಲ ಬಿಟ್ಟ. ಎಷ್ಟು ಹೊತ್ತಾದರೂ ಬೀಳಲೊಲ್ಲ. ರಕ್ತ ತೆಗೆಯಲು ನರ್ಸು ಅವನ ತೋಳಿಗೆ ಸೂಜಿ ಚುಚ್ಚಿದಳು. ಕೊಳವೆಯಲ್ಲಿ ಕೆಂಪು ಏರಿದ್ದೇ ತಡ, ಮೂಲೆಯಲ್ಲಿ ದೊಪ್ಪೆಂದು ಸದ್ದಾಯಿತು. ಬಾಮೈದ ನೆಲದ ಮೇಲೆ!

"ಅಯ್ಯಯ್ಯೋ, ಜೊತೆಗೆ ಬಂದೋರೇ ಬಿದ್ರು!" ಎಂದು ನರ್ಸು ಓಡಿದಳು.

ಭಾವನಿಗೆ ನಗು ಒತ್ತರಿಸಿಕೊಂಡು ಬಂತು. "ಇವನಂತೆ... ಗಡ್ಡ ಹೆರೆಯೋನು..." ಪಟ್ಟಿಗಳೆಲ್ಲ ಕಿರುಗುಟ್ಟಿದವು. ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದರು. ನಗುನಗುತ್ತಲೇ ಅವನ ಕಿವಿ ಗುಂಯ್ ಎಂದಿತು, ದೀಪಗಳು ಬುಗುರಿಯಾದವು, ಕತ್ತು ಜೋತುಬಿತ್ತು.

"ಸಿಕ್ತು, ಸಿಕ್ತು!" ಎಂದು ಡಾಕ್ಟರಮ್ಮ ಯಂತ್ರದ ಕಡೆ ಹಾರಿದರು.

ಕಣ್ಣು ಬಿಟ್ಟಾಗ ಮಂಚ ಕೆಳಗಿಳಿದಿತ್ತು. ಪಕ್ಕದ ಬೆಂಚಿನ ಮೇಲೆ ಬಾಮೈದ ಅಂಗಾತ. ಹೊರಗೆ ಕೂತಿದ್ದ ಹೆಂಡತಿ ಗದ್ದಲ ಕೇಳಿ ಒಳಗೆ ಬಂದು ಇಬ್ಬರನ್ನೂ ದಿಟ್ಟಿಸುತ್ತಿದ್ದಳು.

"ಇವರಲ್ಲಿ ಪರೀಕ್ಷೆ ಯಾರಿಗಿತ್ತು ಡಾಕ್ಟ್ರೇ?"

"ನಿಮ್ಮ ಯಜಮಾನ್ರಿಗೇ ಅಮ್ಮ. ಹೃದಯಕ್ಕೆ ಏನೂ ಆಗಿಲ್ಲ. ನಿಂತಲ್ಲೇ ನಿಂತ್ರೆ ರಕ್ತ ಕಾಲಿಗಿಳಿದು ತಲೆಗೆ ಸಾಲದೆ ಹೋಗುತ್ತೆ. ನೀರು ಚೆನ್ನಾಗಿ ಕುಡೀಲಿ, ಸ್ಟೂಲ್ ಮೇಲೆ ಕೂತು ಕೆಲಸ ಮಾಡ್ಲಿ. ಕಣ್ಣು ಮಂಜಾಯ್ತೋ, ಕತ್ತಿ ಇಟ್ಟು ಮಲಕ್ಕೊಳ್ಲಿ."

"ಹಂಗಾದ್ರೆ ಅಂಗಡಿ ನಡೆಸ್ಬಹುದಾ?"

"ಧಾರಾಳವಾಗಿ."

ಭಾವ ಮಲಗಿದಲ್ಲಿಂದಲೇ ಬಾಮೈದನತ್ತ ಕತ್ತು ಹೊರಳಿಸಿದ. "ನೀನೂ ಬಾರೋ. ಬರೀ ತಲೆಕೂದ್ಲು. ಗಡ್ಡದ ಹತ್ರ ಸುಳಿದ್ರೆ ಕಾಲು ಮುರೀತೀನಿ."

"ಆಯ್ತು ಭಾವ," ಎಂದಿತು ಬೆಂಚಿನಿಂದ ಕ್ಷೀಣ ದನಿ.

"ಅಂಗಡಿ ಮಾತು ಆಮೇಲೆ," ಎಂದಳು ಹೆಂಡತಿ. "ಮೊದ್ಲು ಇಬ್ರಲ್ಲಿ ಒಬ್ರಾದ್ರೂ ಎದ್ದು ನಿಂತ್ಕೊಳ್ಳಿ, ನೋಡೋಣ."

ಇಬ್ಬರೂ ಮಿಸುಕಲಿಲ್ಲ.