ಮೂರು ಕೋಟು ಬಳಿದ ವಾಲ್

ನನ್ನ ಗಂಡನಿಗೆ ಬಾರದ ಕೆಲಸವಿಲ್ಲ, ನೆಟ್ಟಗೆ ಮಾಡಿ ಮುಗಿಸಿದ ಕೆಲಸವೂ ಇಲ್ಲ. ಹಗಲೆಲ್ಲ ಆಫೀಸಿನಲ್ಲಿ ಫೈಲು ಜೋಡಿಸುವ ಮನುಷ್ಯ ಮನೆಗೆ ಬಂದು ಸ್ಕ್ರೂಡ್ರೈವರ್ ಹಿಡಿದರೆ ಮುಗಿಯಿತು, ಎದುರಿಗೆ ನಿಲ್ಲುವವರಿಲ್ಲ. ‘ಎಂಜಿನಿಯರ್’ ಎಂದು ಹೆಸರಿಟ್ಟವಳು ನಾನೇ. ಅಣಕಿಸಲೆಂದು ಇಟ್ಟೆ, ಅವರು ಬಿರುದೆಂದುಕೊಂಡರು.

ನಾನು ಹೊಲಿಗೆಯವಳು. ಹದಿನಾಲ್ಕು ವರ್ಷ ಬೇರೆಯವರ ಅಂಗಡಿಯಲ್ಲಿ ಗುಂಡಿಗೆ ಕಾಜಾ ಹಾಕಿ ಹಾಕಿ ಬೆರಳು ಸವೆಸಿದ ಮೇಲೆ, ಸಾಕಪ್ಪ ಎಂದು ಮನೆಯಲ್ಲೇ ಮಿಷನ್ ಹಾಕಿಕೊಂಡೆ. ಬಿಟ್ಟು ಬರುವಾಗ ಮಾಲೀಕರು ನಗುನಗುತ್ತಾ, “ಮೂರು ತಿಂಗಳಿಗೆ ವಾಪಸ್ ಬರ್ತೀಯಮ್ಮ, ನಿನ್ನ ಸ್ಟೂಲು ಹಾಗೇ ಇಟ್ಟಿರ್ತೀನಿ” ಅಂದಿದ್ದರು. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ. ಎರಡೂವರೆ ತಿಂಗಳಿಗೆ ಮೊದಲ ದೊಡ್ಡ ಆರ್ಡರ್ ಬಂತು: ಒಂದು ಶಾಲೆಯ ಗಾಯನ ತಂಡಕ್ಕೆ ಮೂವತ್ತು ಬಿಳಿ ಅಂಗಿ. ಇದು ಕೆಟ್ಟರೆ ಆ ಸ್ಟೂಲೇ ಗತಿ.

ಅಂಗಿಗಳೆಲ್ಲ ಹೊಲಿದು ಮಡಿಸಿ ಗೋಡೆಯ ಬೀರುವಿನಲ್ಲಿಟ್ಟಿದ್ದೆ. ಕೊಡಬೇಕಾದದ್ದು ಗುರುವಾರ ಸಂಜೆ ನಾಲ್ಕಕ್ಕೆ. ಮಂಗಳವಾರ ನೋಡುತ್ತೇನೆ, ಬೀರುವಿನ ಪಕ್ಕದಲ್ಲಿ ಗೋಡೆ ತೇವ. ಬುಧವಾರಕ್ಕೆ ಆ ತೇವ ಊಟದ ತಟ್ಟೆಯಷ್ಟಾಗಿತ್ತು. ಗೋಡೆಯ ಆ ಕಡೆ ಬಾತ್‌ರೂಮು. ಬೀರುವಿನೊಳಗೆ ಕೈ ಹಾಕಿ ನೋಡಿದೆ, ಸದ್ಯ ಒಣಗೇ ಇತ್ತು.

“ರೀ, ಪ್ಲಂಬರ್‌ಗೆ ಫೋನ್ ಮಾಡ್ತೀರೋ, ನಾನೇ ಮಾಡ್ಲೋ?”

ಅವರೇ ಮಾಡಿದರು. ಆ ಕಡೆಯಿಂದ ಯಾವುದೋ ಮನೆಯಲ್ಲಿ ಗೋಡೆ ಕೊರೆಯುವ ಸದ್ದು. ಅದರ ನಡುವೆಯೇ ಪ್ಲಂಬರ್ ಕೂಗಿದ. “ನಾಳೆ ಬೆಳಿಗ್ಗೆ ಬರ್ತೀನಿ ಸಾರ್. ಅಲ್ಲೀವರೆಗೂ ವಾಲ್ ಕ್ಲೋಸ್ ಮಾಡಿಡಿ. ಪೂರ್ತಿ ಟೈಟಾಗಿ. ಒಂಚೂರೂ ಬಿಡಬೇಡಿ!”

ನಮ್ಮ ಎಂಜಿನಿಯರ್ ಆಫೀಸಿಗೆ ರಜೆ ಹಾಕಿದರು. ಬಿಳಿ ಸಿಮೆಂಟು ತಂದರು, ಕರಣೆ ತಂದರು, ನೀರು ಹಿಡಿಯದ ಬಣ್ಣ ತಂದರು. ಬಿರುಕಿಗೆಲ್ಲ ಸಿಮೆಂಟು ಮೆತ್ತಿ, ಮೇಲೆ ಮೂರು ಕೋಟು ಬಳಿದು, ಫ್ಯಾನ್ ತಿರುಗಿಸಿಟ್ಟರು. ಕರಣೆ ತೊಳೆದ ರಾಡಿ ನನ್ನ ಪಾಲಿಗೆ. ಆದರೂ ಸುಳ್ಳು ಹೇಳಬಾರದು, ಗೋಡೆ ಮಾತ್ರ ಹೊಸದರ ಹಾಗೆ ಹೊಳೆಯುತ್ತಿತ್ತು. ಚೆನ್ನಾಗಿದೆ ಎಂದು ನಾನೂ ಅಂದುಬಿಟ್ಟೆ.

ಗುರುವಾರ ಬೆಳಿಗ್ಗೆ ಪ್ಲಂಬರ್ ಬಂದ. ಗೋಡೆಗೆ ಕಿವಿ ಕೊಟ್ಟು ನಿಂತ.

“ಒಳಗೆ ನೀರು ಹರೀತಾನೇ ಇದೆಯಲ್ಲ ಸಾರ್. ವಾಲ್ ಕ್ಲೋಸ್ ಮಾಡ್ಲಿಲ್ವಾ?”

“ಮಾಡಿದೀನಪ್ಪ. ಮೂರು.”

“ಮೂರೇ ಸುತ್ತಾ?”

“ಸುತ್ತಲ್ಲ, ಕೋಟು.”

ಪ್ಲಂಬರ್ ಗೋಡೆಯನ್ನು ನೋಡಿದ, ಇವರನ್ನು ನೋಡಿದ, ಮತ್ತೆ ಗೋಡೆಯನ್ನು ನೋಡಿದ. “ಅಯ್ಯೋ ಸಾರ್! ನಾನು ಹೇಳಿದ್ದು ನೀರು ನಿಲ್ಸೋ ವಾಲು! ಗೋಡೆ ಅನ್ನೋಕೆ ನಮಗೆ ಗೋಡೆ ಅಂತಾನೇ ಇದೆಯಲ್ಲ!”

ಅವನೇ ಬಾತ್‌ರೂಮಿಗೆ ಓಡಿ, ಬಕೆಟ್ಟಿನ ಹಿಂದಿದ್ದ ಪುಟ್ಟ ಚಕ್ರವನ್ನು ತಿರುಗಿಸಿದ. ಆರು ವರ್ಷದಿಂದ ನಾನು ಅದರ ಮೇಲೆ ಒರೆಸುವ ಬಟ್ಟೆ ಒಣಗಿಹಾಕುತ್ತಿದ್ದೆ. ಇದು ಯಾತಕ್ಕಿದೆ ಎಂದು ಒಂದು ದಿನವಾದರೂ ಕೇಳಿದವಳಲ್ಲ, ನಾನೇನು ಕಡಿಮೆ!

“ಮನೆಗೆ ಬಂದ ದಿನಾನೇ ಇದನ್ನ ನೋಡ್ಕೋಬೇಕು ಮೇಡಂ. ಮುಂದುಗಡೆ ದಾರಿ ಮುಚ್ಚಿಬಿಟ್ಟಿದೀರಿ, ನೀರು ಪಕ್ಕಕ್ಕೆ ತಿರುಗಿರತ್ತೆ. ಅಲ್ಲೇನಿದೆ?”

ಬೀರು. ಕೋಣೆಗೆ ಓಡಿದೆ. ಬಾಗಿಲು ಉಬ್ಬಿ ಕಚ್ಚಿಕೊಂಡಿತ್ತು, ನಾನೂ ಇವರೂ ಸೇರಿ ಎಳೆದೆವು. ಕೆಳಗೆ ಹಾಸಿದ್ದ ಹಳೆಯ ಕೆಂಪು ಪರದೆ ನೆಂದು ಬಣ್ಣ ಬಿಟ್ಟಿತ್ತು. ತಳದ ಹನ್ನೊಂದು ಅಂಗಿಗಳ ಮೇಲೆ ಗುಲಾಬಿ ಕಲೆ. ಬೆರಳಿನಲ್ಲಿ ಮುಟ್ಟಿ ನೋಡಿದೆ.

ಕಲೆ ಹಸಿಯಾಗಿದೆ, ಈಗಲೇ ಹರಿಯುವ ನೀರಿಗೆ ಹಿಡಿದು ಉಜ್ಜಿದರೆ ಹೋದೀತು. ಒಣಗಿತೋ, ಮುಗಿಯಿತು. ಒಣಗಿದ್ದವನ್ನು ಹಜಾರದಲ್ಲಿಟ್ಟು, ಕಲೆಯಾದವನ್ನು ಬಾಚಿಕೊಂಡು ಬಾತ್‌ರೂಮಿಗೆ ಓಡಿ ನಲ್ಲಿ ತಿರುಗಿಸಿದೆ. ನಲ್ಲಿ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಇಡೀ ಮನೆಯ ನೀರಿನ ವಾಲ್ ಬಂದಾಗಿತ್ತಲ್ಲ, ಕೊನೆಗೂ! ಅಕ್ಕಪಕ್ಕದವರು ಕೆಲಸಕ್ಕೆ ಹೋಗಿ, ಎರಡು ಮನೆಗೂ ಬೀಗ.

“ಬಿಡಪ್ಪಾ ನೀರು,” ಅಂದೆ.

“ಈಗ ಬಿಟ್ರೆ ಆ ಗೋಡೆ ನಿಲ್ಲಲ್ಲ ಮೇಡಂ. ಪೈಪ್ ಬದಲಾಯಿಸೋಕೆ ಸಂಜೆ ಆಗತ್ತೆ, ತಡ್ಕೊಳ್ಳಿ.”

“ಅಲ್ಲ ಕಣೇ, ನಿನ್ನೆ ತಾನೇ ಮೂರು ಕೋಟು...” ಎಂದು ಎಂಜಿನಿಯರ್ ರಾಗ ಎಳೆದರು.

ನಾನು ಯಾರನ್ನೂ ಕೇಳಲಿಲ್ಲ. ಬಗ್ಗಿ ಆ ಚಕ್ರ ಹಿಡಿದು ಪೂರ್ತಿ ಬಿಟ್ಟೆ. ನೀರು ಧೋ ಎಂದು ಬಂತು. ಒಂದೊಂದೇ ಅಂಗಿ ಹಿಡಿದು, ಸೋಪು ಹಚ್ಚಿ, ತೋಳು ನೋಯುವವರೆಗೂ ಉಜ್ಜಿದೆ. ಗುಲಾಬಿ ನೀರು ಮೋರಿಗೆ ಹರಿಯುತ್ತಿತ್ತು. ಐದನೇ ಅಂಗಿಯ ಹೊತ್ತಿಗೆ ಆ ಕಡೆ ಕೋಣೆಯಲ್ಲಿ ದೊಪ್ಪನೆ ಸದ್ದಾಯಿತು.

“ಏ, ಗೋಡೆ ಗಾರೆ ಪೂರ್ತಿ ಬಿತ್ತು ಕಣೇ!”

“ಬೀಳ್ಲಿ ರೀ. ಬಟ್ಟೆ ಹಿಂಡೋಕೆ ಬನ್ನಿ.”

ಪ್ಯಾಂಟು ಮಡಿಸಿಕೊಂಡು ಬಂದರು. ಒಂದೊಂದೇ ಹಿಂಡಿದರು. ಹನ್ನೊಂದನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. “ಹೋದಂಗೆ ಕಾಣ್ತದೆ... ನನಗೆ ಗೊತ್ತಾಗಲ್ಲ, ನೀನೇ ನೋಡು” ಅಂದರು. ಅವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಗಾರೆ ಬಾಚುವಾಗ ಬೇಕಾಗುತ್ತದೆಂದು ಹಾಗೇ ಇಟ್ಟುಕೊಂಡೆ. ವಾಲ್ ಮತ್ತೆ ಬಂದ್ ಮಾಡಿ, ಇಸ್ತ್ರಿ ಪೆಟ್ಟಿಗೆ ಬಿಸಿಗಿಟ್ಟೆ.

ನಾಲ್ಕಕ್ಕೆ ಶಾಲೆಯ ಸಂಗೀತದ ಟೀಚರ್ ಮೂವತ್ತನ್ನೂ ಬಿಡಿಸಿ ನೋಡಿದರು. ಕಾಲರ್, ಕಾಜಾ, ತೋಳು.

“ಕೆಲವು ಯಾಕೆ ಇನ್ನೂ ಹಸಿ ಇವೆ?”

ಪಕ್ಕದಲ್ಲಿ ಎಂಜಿನಿಯರ್ ಗಂಟಲು ಸರಿಮಾಡಿಕೊಂಡು ವಿವರಿಸಲು ಹೊರಟರು. ಅವರ ಕಾಲು ತುಳಿದೆ.

“ನಾವು ಒಗೆದು ಇಸ್ತ್ರಿ ಮಾಡೇ ಕೊಡೋದು ಟೀಚರ್.”

“ಹೌದಾ! ಇಷ್ಟು ದಿನ ಬೇರೆಯವರು ದಾರದ ತುಂಡಿನ ಸಮೇತ ಕೊಡ್ತಿದ್ರು,” ಎಂದು ಅವರು ಅಂಗಿಗಳನ್ನು ಮಡಿಸಿದರು. “ಮುಂದಿನ ವರ್ಷಕ್ಕೆ ದೊಡ್ಡ ಮಕ್ಕಳದ್ದೂ ನೀವೇ ಹೊಲೀರಿ. ಹೀಗೇ ಒಗೆದೇ ಕೊಡಬೇಕು.”

ಆ ಸ್ಟೂಲಿನ ಗತಿ ತಪ್ಪಿತಲ್ಲ ಎಂದು ಅಲ್ಲೇ ಅಳು ಬಂದುಬಿಟ್ಟಿತು ನನಗೆ. “ಆಗ್ಲಿ ಟೀಚರ್,” ಅಂದೆ.