ಆ ಬೆಳಿಗ್ಗೆ ಹಾಲು ಕರೆದವರು

ಎಪ್ಪತ್ತೆಂಟು ಹಸುಗಳಿರುವ ಮನೆಯಲ್ಲಿ ವರ್ಷಕ್ಕೊಂದು ತಪ್ಪು ಆಗದಿದ್ದರೆ ಅದೇ ಸುದ್ದಿ. ಹಾಗಾಗಿ ಡೀಲಿಯಾ ಹರ್ಲಿ ತಪ್ಪು ಮಾಡಿದಳು ಅಂತ ಯಾರೂ ಅವಳನ್ನು ನೇಣಿಗೆ ಹಾಕುತ್ತಿರಲಿಲ್ಲ. ಆ ತಪ್ಪನ್ನು ಎತ್ತಿ ಅಣ್ಣನ ತಲೆಗೆ ಕಟ್ಟಿದಳಲ್ಲ, ಅದನ್ನು ಮಾತ್ರ ನಾನು ಹೊಟ್ಟೆಗೆ ಹಾಕಿಕೊಳ್ಳಲಾರೆ.

ಕಾರ್ಕ್ ಸೀಮೆಯ ಆ ಗುಡ್ಡದ ಕಡೆಯಲ್ಲಿ ಹದಿನಾಲ್ಕು ಮನೆಯ ಹೈನುಗಾರರು ಸೇರಿ ಒಂದು ಕೂಟ ಮಾಡಿಕೊಂಡಿದ್ದರು. ತಿಂಗಳಿಗೊಮ್ಮೆ ಒಬ್ಬರ ಮನೆಗೆ ಎಲ್ಲರೂ ಹೋಗುವುದು, ಅವರ ಹುಲ್ಲು ಅಳೆಯುವುದು, ಕರುಗಳ ಮೂಗು ನೋಡುವುದು, ಹಸುಗಳ ಕಾಲು ನೋಡುವುದು, ಆಮೇಲೆ ಯಜಮಾನನ ಎದುರಿಗೇ ನಿಂತು ಅವನು ಎಲ್ಲೆಲ್ಲಿ ಎಡವಿದ್ದಾನೆ ಅಂತ ಹೇಳುವುದು. ಹೇಳಿ ಮುಗಿಸಿ ಅವನದೇ ಅಡುಗೆಮನೆಯಲ್ಲಿ ಅವನದೇ ಹಂದಿಮಾಂಸದ ಸ್ಯಾಂಡ್‌ವಿಚ್ ತಿಂದು ಹೋಗುವುದು. ಕೂಟದಲ್ಲಿ ಆಡಿದ ಮಾತು ಕೂಟದಲ್ಲೇ ಇರಬೇಕು ಅನ್ನುವುದು ನಿಯಮ. ನಿಯಮ ಒಳ್ಳೆಯದೇ, ಪಾಲಿಸಿದವರನ್ನು ನಾನು ಕಂಡಿಲ್ಲ.

ಡೀಲಿಯಾ ಈ ಕೂಟದ ಕಾರ್ಯದರ್ಶಿ. ವಯಸ್ಸು ಐವತ್ತೆಂಟು, ಮದುವೆಯಾಗಿಲ್ಲ. ಪ್ರಾಂತ್ಯದ ಹೈನು ಕೇಂದ್ರದವರು ನಡೆಸಿದ ಒಂದು ತರಬೇತಿಯನ್ನೂ ಬಿಟ್ಟವಳಲ್ಲ. ಅಡುಗೆಮನೆಯಲ್ಲಿ ಯೇಸುವಿನ ಪಟದ ಎರಡೂ ಬದಿಗೆ ಅವಳ ಪ್ರಮಾಣಪತ್ರಗಳೇ. ಗೊರಸಿನ ಆರೈಕೆ, ಕರುಗಳ ಆರೈಕೆ, ಕೆಚ್ಚಲ ಬಾವು, ಹೀಗೆ ಒಂಬತ್ತೋ ಹತ್ತೋ. ಕೇಂದ್ರದ ಸುದ್ದಿಪತ್ರ ಬಂದರೆ ಮೊದಲ ಪುಟದಿಂದ ಕೊನೆಯ ಜಾಹೀರಾತಿನವರೆಗೆ ಓದುವ ಒಬ್ಬಳೇ ಓದುಗಿ ಅವಳು ಅಂತ ಪಕ್ಕದ ಜಮೀನಿನ ಕಾನ್ ಕ್ರೌಲಿ ಚುಡಾಯಿಸುತ್ತಿದ್ದ.

ಅಣ್ಣ ಫಿನ್‌ಬಾರ್ ಅವಳಿಗಿಂತ ಒಂಬತ್ತು ವರ್ಷ ದೊಡ್ಡವನು. ಅವನಿಗೂ ಮದುವೆಯಾಗಿಲ್ಲ. ಕೂಟಕ್ಕೆ ಬಂದರೆ ಹಿಂದೆ ಗೇಟಿಗೆ ಒರಗಿ ನಿಲ್ಲುವನು, ವರ್ಷಕ್ಕೆ ಒಂದು ಮಾತು ಆಡುವನು. ಆದರೆ ಹದಿನೆಂಟನೇ ವಯಸ್ಸಿನಿಂದ ಬೆಳಗಿನ ಹಾಲು ಕರೆಯುವುದು ಅವನದೇ ಕೆಲಸ. ಹಾಲುಕೊಟ್ಟಿಗೆಯ ನಡುವಿನ ಗುಂಡಿಗಿಳಿದು ನಿಂತರೆ ಎರಡೂ ಕಡೆ ಹಸುಗಳ ಹಿಂಗಾಲು ಕಣ್ಣಿನ ಮಟ್ಟಕ್ಕೆ ಬರುತ್ತವೆ. ಅವನು ಮುಖ ನೋಡದೆ ಬರೀ ಕೆಚ್ಚಲು ನೋಡಿ ಎಪ್ಪತ್ತೆಂಟು ಹಸುಗಳನ್ನೂ ಗುರುತಿಸುತ್ತಿದ್ದ.

ನವೆಂಬರ್ ಕೊನೆಯ ವಾರ. ಕರು ಹಾಕುವುದಕ್ಕೆ ಎರಡು ತಿಂಗಳಿರುವ ಹಸುಗಳನ್ನು ಒಂದೊಂದಾಗಿ ಬತ್ತಿಸುವ ಕಾಲ. ಹಾಲು ಕರೆಯುವುದನ್ನು ನಿಲ್ಲಿಸಿ, ನಾಲ್ಕೂ ಮೊಲೆಗೆ ಆಂಟಿಬಯಾಟಿಕ್ ಏರಿಸಿ, ಬಾಲಕ್ಕೆ ಕೆಂಪು ಪಟ್ಟಿ ಸುತ್ತಿ, ಬೇರೆ ಕೊಟ್ಟಿಗೆಗೆ ಅಟ್ಟಬೇಕು. ಆ ಹಸುವಿನ ಒಂದು ಲೋಟ ಹಾಲು ಡೇರಿಗೆ ಕೊಡುವ ಹಾಲಿನ ತೊಟ್ಟಿಗೆ ಬಿದ್ದರೂ ಇಡೀ ತೊಟ್ಟಿಯ ಹಾಲು ಕೆಟ್ಟಿತು ಅಂತಲೇ ಲೆಕ್ಕ. ಆ ವಾರ ಫಿನ್‌ಬಾರ್ ಜ್ವರ ಬಂದು ಮಲಗಿದ್ದ. ಗುಂಡಿಗೆ ಇಳಿದವಳು ಡೀಲಿಯಾ. ಹಿಂದಿನ ಸಂಜೆ ಎರಡು ಕೊಟ್ಟಿಗೆಗಳ ನಡುವಿನ ಗೇಟಿಗೆ ಚಿಲಕ ಹಾಕುವುದನ್ನು ಮರೆತವಳೂ ಅವಳೇ. ಬತ್ತಿಸಿ ನಾಲ್ಕು ದಿನವಾಗಿದ್ದ ಒಂದು ಹಸು, ಹಳೆಯ ಅಭ್ಯಾಸದಂತೆ, ಕರೆಯುವ ಹಸುಗಳ ಜೊತೆ ಸಾಲಿನಲ್ಲಿ ಬಂದು ನಿಂತಿತು. ಬಾಲದ ಪಟ್ಟಿ ಸಗಣಿ ಮೆತ್ತಿಕೊಂಡು ಕಪ್ಪಾಗಿತ್ತು. ಡೀಲಿಯಾ ನೋಡಲಿಲ್ಲ. ಅವಳ ಕಿವಿಯಲ್ಲಿ ಫೋನಿನ ತಂತಿ. ಕೇಂದ್ರದವರು ಪ್ರತಿ ವಾರ ಕಳಿಸುವ ಭಾಷಣ ಕೇಳುತ್ತಿದ್ದಳು. ಆ ವಾರದ ವಿಷಯ, ಹಸು ಬತ್ತಿಸುವಾಗ ವಹಿಸಬೇಕಾದ ಎಚ್ಚರಿಕೆಗಳು.

ಕರೆಯುವ ಯಂತ್ರದ ಬಟ್ಟಲುಗಳನ್ನು ಮೊಲೆಗೆ ಹಾಕಿದಳು, ಹಾಲು ತೊಟ್ಟಿಗೆ ಹೋಯಿತು. ಕೊನೆಗೆ ನೀರು ಹಾಯಿಸಿ ತೊಳೆಯುವಾಗ ಬಾಲದ ಸಗಣಿ ಇಳಿದು ಕೆಂಪು ಪಟ್ಟಿ ಕಂಡಿತು.

ಒಂದು ಮಾತು ಒಪ್ಪಬೇಕು. ಅವಳು ಆಗ ಸರಿಯಾದದ್ದನ್ನೇ ಮಾಡಿದಳು. ಟ್ಯಾಂಕರ್ ಬರುವುದಕ್ಕೆ ಇನ್ನೂ ಒಂದು ಗಂಟೆ ಇತ್ತು. ಸುಮ್ಮನಿದ್ದು ಹಾಲು ತುಂಬಿಸಿ ಕಳಿಸಿ, ದೇವರ ಮೇಲೆ ಭಾರ ಹಾಕಿ ಕೂತ ಮಂದಿ ಆ ಗುಡ್ಡದಲ್ಲೇ ಇದ್ದಾರೆ. ಅವಳು ಡೇರಿಗೆ ಫೋನ್ ಮಾಡಿ ಹೇಳಿದಳು. ತೊಟ್ಟಿಯಲ್ಲಿ ಕೂಡಿದ್ದ ಎರಡು ದಿನದ ಹಾಲು ಸಗಣಿ ಗುಂಡಿಗೆ ಹೋಯಿತು. ಟ್ಯಾಂಕರಿನವನು ಬಂದು, ಸಾವಿನ ಮನೆಗೆ ಬಂದವನಂತೆ ಟೋಪಿ ತೆಗೆದು ನಿಂತಿದ್ದು ಹೋದ.

ಮಧ್ಯಾಹ್ನ ಕೇಂದ್ರದ ಸಲಹೆಗಾರ ಲೋರ್ಕನ್ ಬಂದ. ಮೂವತ್ತರ ಹುಡುಗ, ಒಳ್ಳೆಯವನು. ಒಳ್ಳೆಯವರಿಂದಲೇ ಅರ್ಧ ಕೇಡು. ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತ.

"ನೀವೇ ಫೋನ್ ಮಾಡಿದ್ದು ದೊಡ್ಡ ವಿಷಯ ಡೀಲಿಯಾ. ಎಷ್ಟು ಜನ ಮಾಡ್ತಾರೆ ಹೇಳಿ? ಒಂಬತ್ತನೇ ತಾರೀಕಿನ ತರಬೇತೀಲಿ ಇದೇ ವಿಷಯ ನೀವು ಮಾತಾಡೋದಲ್ವಾ? ಇದನ್ನೂ ಹೇಳ್ಬಿಡಿ. ಅಂದ ಹಾಗೆ, ಬೆಳಿಗ್ಗೆ ಗುಂಡೀಲಿ ಇದ್ದಿದ್ದು ಯಾರು?"

ಡೀಲಿಯಾ ಕೆಟಲಿನ ಕಡೆ ತಿರುಗಿದ್ದಳು. ಒಂಬತ್ತನೇ ತಾರೀಕು ಅರವತ್ತು ಜನ ಬರುವವರಿದ್ದರು. ಊರಿಗೆಲ್ಲ ಬುದ್ಧಿ ಹೇಳುವವಳ ಕಿವಿಯಲ್ಲಿ ತಂತಿ ಇತ್ತು ಅಂತ ಹೇಗೆ ಹೇಳುವುದು?

"ಫಿನ್‌ಬಾರ್," ಅಂದಳು.

ಫಿನ್‌ಬಾರ್ ಒಲೆಯ ಪಕ್ಕದ ಕುರ್ಚಿಯಲ್ಲೇ ಕಂಬಳಿ ಹೊದ್ದು ಕೂತಿದ್ದ. ತಂಗಿಯ ಬೆನ್ನು ನೋಡಿದ. ಅವಳು ತಿರುಗಲಿಲ್ಲ.

"ಕಣ್ಣು ಹೇಗಿದೆ ಫಿನ್‌ಬಾರ್?" ಲೋರ್ಕನ್ ಮೆತ್ತಗೆ ಕೇಳಿದ.

"ಇವೆ ನೋಡಪ್ಪ, ಎರಡು."

ಅಷ್ಟೇ. ಇಲ್ಲ ಅನ್ನಲೂ ಇಲ್ಲ, ಹೌದು ಅನ್ನಲೂ ಇಲ್ಲ. ಲೋರ್ಕನ್ ಬರೆದುಕೊಂಡ.

ಅವನ ಕಾರು ದಾಟಿದ ಮೇಲೆ ಡೀಲಿಯಾ ಅಂದಳು: "ಒಂಬತ್ತು ಕಳೀಲಿ ಫಿನ್‌ಬಾರ್. ಆಮೇಲೆ ನಾನೇ ಎಲ್ರಿಗೂ ಹೇಳ್ತೀನಿ. ಆಣೆ."

"ಆಯ್ತು," ಅಂದ ಅವನು. ಬೈದಿದ್ದರೆ ಅವಳಿಗೆ ಒಳ್ಳೆಯದಾಗುತ್ತಿತ್ತು.

ಒಂಬತ್ತು ಕಳೆಯಿತು. ಡೀಲಿಯಾ ಚೆನ್ನಾಗಿ ಮಾತಾಡಿದಳು, ಜನ ಚಪ್ಪಾಳೆ ತಟ್ಟಿದರು. ಆಮೇಲೆ ಕ್ರಿಸ್‌ಮಸ್ ಬಂತು, ಹಬ್ಬದಲ್ಲಿ ಯಾಕೆ ಅಂದುಕೊಂಡಳು. ಜನವರಿಯ ಸುದ್ದಿಪತ್ರ ಬಂತು. ಮೂರನೇ ಪುಟದಲ್ಲಿ 'ಒಂದು ಮನೆಯ ಪಾಠ'. ಹೆಸರಿಲ್ಲ. ಅಣ್ಣ ತಂಗಿ ಇಬ್ಬರೇ ಇರುವ ಗುಡ್ಡದ ಮೇಲಿನ ಮನೆ ಅಂತ ಮಾತ್ರ ಇತ್ತು. ಅಂಥ ಮನೆ ಆ ಸೀಮೆಗೆಲ್ಲ ಒಂದೇ. ದೃಷ್ಟಿ ಮಂದವಾಗುತ್ತಿರುವ ಹಿರಿಯ ಸಹೋದರ, ಧೈರ್ಯದಿಂದ ಸತ್ಯ ಹೇಳಿದ ಸಹೋದರಿ. ಕೆಳಗೆ ಚೌಕಟ್ಟಿನೊಳಗೆ ಇನ್ನೊಂದು ಬರಹ: ವಯಸ್ಸಾದವರ ಮನಸ್ಸು ನೋಯದಂತೆ ಅವರನ್ನು ಹಾಲಿನ ಕೆಲಸದಿಂದ ಬಿಡಿಸುವುದು ಹೇಗೆ?

ಫಿನ್‌ಬಾರ್ ಆ ಚೌಕಟ್ಟನ್ನು ಗಟ್ಟಿಯಾಗಿ ಓದಿದ. ಅಕ್ಷರ ಇರುವೆಯಷ್ಟು ಸಣ್ಣವು. ಕನ್ನಡಕ ಹಾಕಿರಲಿಲ್ಲ, ಅವನಿಗೆ ಕನ್ನಡಕವೇ ಇರಲಿಲ್ಲ.

ಆಮೇಲೆ ಶುರುವಾಯಿತು ಜನರ ಕರುಣೆ. ಭಾನುವಾರ ಚರ್ಚಿನ ಬಾಗಿಲಲ್ಲಿ ಅವನ ಹತ್ತಿರ ಬಿಡಿಸಿ ಬಿಡಿಸಿ, ಜೋರಾಗಿ ಮಾತಾಡತೊಡಗಿದರು. ಕಣ್ಣು ಹೋದವನಿಗೆ ಕಿವಿಯೂ ಹೋಗಿರಬೇಕು ಅಂತ ಅವರ ಎಣಿಕೆ. ಕಾನ್ ಕ್ರೌಲಿ ಕಣ್ಣಿನ ಡಾಕ್ಟರ ನಂಬರು ಬರೆದ ಚೀಟಿ ತಂದು ಜೇಬಿಗೆ ತುರುಕಿದ. "ನಮ್ಮಪ್ಪನಿಗೂ ಹೀಗೇ ಆಗಿತ್ತು ಮಾರಾಯಾ. ನಾಚಿಕೆ ಪಡಬೇಡ. ಪೊರೆ ತೆಗೆದ್ರೆ ಮುಗೀತು." ಫಿನ್‌ಬಾರ್ ಅವನಿಗೆ ಥ್ಯಾಂಕ್ಸ್ ಹೇಳಿದ. ಪಕ್ಕದಲ್ಲೇ ನಿಂತಿದ್ದ ಡೀಲಿಯಾ ಕೈಚೀಲದಲ್ಲಿ ಏನನ್ನೋ ಹುಡುಕುತ್ತಿದ್ದಳು.

ಲೋರ್ಕನ್ ಮತ್ತೆ ಬಂದ. ಹಳಬರಿಗಾಗಿ ಒಂದೂವರೆ ದಿನದ ಮರುತರಬೇತಿ ಇದೆ, ಖರ್ಚಿಲ್ಲ, ಬರುತ್ತೀರಾ ಅಂತ ಕೇಳಿದ.

"ತರಬೇತಿ ಬೇಡಪ್ಪ," ಅಂದ ಫಿನ್‌ಬಾರ್. "ನೀವು ಬರ್ದಿದ್ದು ಸರಿಯಾಗೇ ಇದೆ. ಕಾಣದವನು ಅಲ್ಲಿ ನಿಲ್ಲಬಾರದು. ನಾನು ಇನ್ನು ಗುಂಡಿಗೆ ಇಳಿಯಲ್ಲ."

"ಏನು ಮಾತು ಅಂತ ಆಡ್ತೀಯ?" ಡೀಲಿಯಾ ಅಂದಳು. ಲೋರ್ಕನ್ ಹೋದ ಮೇಲೆ ಇನ್ನೊಮ್ಮೆ, ಕಿರುಚಿಯೇ ಕೇಳಿದಳು. "ನನ್ನ ಮೇಲಿನ ಸಿಟ್ಟಿಗೆ ಹೀಗೆ ಮಾಡ್ತೀಯಾ?"

"ಅಚ್ಚಾಗಿದೆಯಲ್ಲ ಡೀಲಿಯಾ. ಅಚ್ಚಾಗಿದ್ದನ್ನ ನೀನು ಯಾವತ್ತು ಸುಳ್ಳು ಅಂದಿದ್ದೀಯ?"

ಫೆಬ್ರವರಿಯಲ್ಲಿ ಹಸುಗಳು ಕರು ಹಾಕತೊಡಗಿದವು. ದಿನಕ್ಕೆ ಐದು, ಆರು. ಡೀಲಿಯಾ ಬೆಳಿಗ್ಗೆಯೂ ಸಂಜೆಯೂ ಒಬ್ಬಳೇ ಕರೆದಳು. ಮಣಿಕಟ್ಟು ಊದಿತು, ಮೈ ಇಳಿಯಿತು. ಅದು ಅವಳು ಉಪ್ಪು ತಿಂದದ್ದಕ್ಕೆ ಕುಡಿದ ನೀರು, ನನಗೆ ಮರುಕವಿಲ್ಲ. ಆದರೆ ಫಿನ್‌ಬಾರ್ ಏನು ತಿಂದಿದ್ದ? ಅವನು ಕರುಗಳಿಗೆ ಹಾಲು ಕುಡಿಸಿದ, ಬೇಲಿ ಕಟ್ಟಿದ, ಹಾಲುಕೊಟ್ಟಿಗೆಯ ಬಾಗಿಲು ಮಾತ್ರ ದಾಟಲಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದೇ ಏಳುತ್ತಿದ್ದ. ಗಂಬೂಟು ಏರಿಸಿ ಮೇಜಿನ ಮುಂದೆ ಕೂತಿರುತ್ತಿದ್ದ. ಎಂಟು ಗಂಟೆಗೆ ಅವಳು ಕೆಲಸ ಮುಗಿಸಿ ಒಳಗೆ ಬಂದಾಗ ಅದನ್ನು ಕಳಚಿ ಬಾಗಿಲ ಹತ್ತಿರ ಇಡುತ್ತಿದ್ದ. ಪ್ರತಿ ದಿನ. ಅದನ್ನು ನೋಡಿ ನೋಡಿ ಡೀಲಿಯಾಗೆ ಅನ್ನಿಸಿತು, ಇವನು ಮತ್ತೆ ಗುಂಡಿಗೆ ಇಳಿಯದಿದ್ದರೆ ಈ ಮನೆಯಲ್ಲಿ ಉಸಿರಾಡಲು ಆಗುವುದಿಲ್ಲ.

ಏಪ್ರಿಲ್ ಕೊನೆಯಲ್ಲಿ ಕೂಟ ಅವರ ಮನೆಯ ಸರದಿಗೆ ಬಂತು. ಅಂಗಳದ ತುಂಬ ಕಾರುಗಳು. ಎಲ್ಲರೂ ಹುಲ್ಲು ತುಳಿದರು, ಕುಡಿಯುವ ನೀರಿನ ತೊಟ್ಟಿಯಲ್ಲಿ ಹುಳುಕು ತೆಗೆದರು, ರಸ್ತೆಯ ಕಲ್ಲಿನಲ್ಲಿ ಹುಳುಕು ತೆಗೆದರು. ಕೊನೆಗೆ ಕೊಟ್ಟಿಗೆಯಲ್ಲಿ ಗುಂಪು ನಿಂತಾಗ ಲೋರ್ಕನ್, "ಕಾರ್ಯದರ್ಶಿಯವರು ಎರಡು ಮಾತು," ಅಂದ. ಫಿನ್‌ಬಾರ್ ಹಿಂದೆ ಗೇಟಿನ ಹತ್ತಿರ ನಿಂತಿದ್ದ.

ಡೀಲಿಯಾ ಮುಂದೆ ಬಂದು ನಿಂತಳು. "ನವೆಂಬರಿನ ವಿಷಯ. ಸುದ್ದಿಪತ್ರದಲ್ಲಿ ಬಂದಿದ್ದು. ಆ ಬೆಳಿಗ್ಗೆ ಹಾಲು ಕರೆದವಳು ನಾನು. ಫಿನ್‌ಬಾರ್ ಜ್ವರ ಬಂದು ಮಲಗಿದ್ದ. ನನಗೆ ನಾಚಿಕೆಯಾಯ್ತು, ಅವನ ಹೆಸರು ಹೇಳ್ಬಿಟ್ಟೆ. ಅವನ ಕಣ್ಣಿಗೆ ಏನೂ ಆಗಿಲ್ಲ."

ಕಾನ್ ಕ್ರೌಲಿಯ ಹೆಂಡತಿ ಹನೋರಾ ಮುಂದೆ ಬಂದು ಅವಳನ್ನು ತಬ್ಬಿಕೊಂಡಳು.

"ಎಂಥ ಮನಸ್ಸು ನಿಂದು! ಅವನ ಮರ್ಯಾದೆ ಉಳೀಲಿ ಅಂತ ನಿನ್ನ ಮೇಲೆ ಹಾಕ್ಕೊಂಡ್ಯಲ್ಲೇ."

"ಅಲ್ಲ ಹನೋರಾ, ನಿಜವಾಗ್ಲೂ ನಾನೇ! ಕೇಳು. ಕಿವೀಲಿ ತಂತಿ ಇತ್ತು. ಲೋರ್ಕನ್, ನಿನ್ನದೇ ಭಾಷಣ ಕೇಳ್ತಿದ್ದೆ, ಹಸು ಬತ್ತಿಸೋ ವಿಷಯದ್ದೇ!"

ಎಲ್ಲರೂ ಘೊಳ್ಳೆಂದು ನಕ್ಕರು. ಲೋರ್ಕನ್ ಕಣ್ಣೊರೆಸಿಕೊಂಡು ನಕ್ಕ. "ಅದು ಸ್ವಲ್ಪ ಜಾಸ್ತಿ ಆಯ್ತು ಡೀಲಿಯಾ. ನಮ್ಮ ಭಾಷಣ ಕೇಳ್ತಾ ಕೇಳ್ತಾ ಅದೇ ತಪ್ಪನ್ನ ಯಾರಾದ್ರೂ ಮಾಡ್ತಾರಾ? ಅದೂ ನೀವು?"

"ಸುಳ್ಳು ಹೇಳೋಕೂ ಅಭ್ಯಾಸ ಬೇಕು ಕಣೇ," ಅಂದ ಕಾನ್. "ನಿನಗೆ ಬರಲ್ಲ, ಬಿಡು."

ಅವಳು ಮತ್ತೆ ಬಾಯಿ ತೆರೆದಳು. ಅಷ್ಟರಲ್ಲಿ ಗುಂಪು ಚಹಾದ ಕಡೆ ಹೊರಟಾಗಿತ್ತು. ಹೋಗುವಾಗ ಒಬ್ಬೊಬ್ಬರೂ ಗೇಟಿನ ಹತ್ತಿರ ನಿಂತು ಫಿನ್‌ಬಾರ್‌ನ ಭುಜ ತಟ್ಟಿದರು. "ಪುಣ್ಯವಂತ ನೀನು, ಇಂಥ ತಂಗಿ," ಅಂದರು, ಜೋರಾಗಿ.

ಐದು ಗಂಟೆಗೆ ಕೊನೆಯ ಕಾರು ಹೋಯಿತು. ಫಿನ್‌ಬಾರ್ ಮೇಜಿನ ಮೇಲಿನ ಲೋಟಗಳನ್ನು ಎತ್ತಿಡುತ್ತಿದ್ದ. ಡೀಲಿಯಾ ಬಾಗಿಲಲ್ಲೇ ನಿಂತಳು.

"ಹೇಳ್ದೆ."

"ಕೇಳಿಸ್ತು."

"ಯಾರೂ ನಂಬ್ಲಿಲ್ಲ ಫಿನ್‌ಬಾರ್."

"ನವೆಂಬರಲ್ಲಿ ಹೇಳಿದ್ರೆ ನಂಬ್ತಿದ್ರು."

"ಅವರು ಹಾಳಾಗ್ಲಿ. ನೀನು ಬಾ. ಈಗ್ಲೇ ಬಾ, ಸಂಜೆ ಹಾಲಿಗೆ. ನಿನ್ನ ಕಣ್ಣು ಸರಿಯಾಗಿದೆ ಅಂತ ನನಗೊಬ್ಬಳಿಗಾದ್ರೂ ಗೊತ್ತಲ್ಲ."

"ಗೊತ್ತಿತ್ತು," ಅಂದ ಅವನು. ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟ. ಇಷ್ಟು ತಿಂಗಳಲ್ಲಿ ಮೊದಲ ಸಲ ಅವಳನ್ನು ನೇರವಾಗಿ ನೋಡಿ ಮಾತಾಡಿದ. "ಮೊನ್ನೆ ನೀನು ಪೇಟೆಯಿಂದ ಬರೋದು ತಡ ಆಯ್ತಲ್ಲ, ಅವತ್ತು ನಾನು ಇಳಿದೆ. ಹಸುಗಳು ಕೂಗ್ತಿದ್ವು, ಕರೆದುಬಿಡೋಣ ಅಂತ. ಒಂದೊಂದರ ಬಾಲಾನೂ ಎತ್ತಿ ನೋಡ್ದೆ. ಏಪ್ರಿಲಲ್ಲಿ ಯಾವ ಹಸೂಗೂ ಪಟ್ಟಿ ಇರಲ್ಲ ಅಂತ ನನಗೆ ಗೊತ್ತಿಲ್ವಾ? ಗೊತ್ತಿದ್ದೂ ನೋಡ್ದೆ. ಮತ್ತೆ ನೋಡ್ದೆ. ಮೂರನೇ ಸಲ ಕೈಯಿಂದ ಸವರಿ ನೋಡ್ದೆ. ಏನೂ ಇಲ್ಲ ಅಂತ ಕಣ್ಣು ಹೇಳುತ್ತೆ, ನನಗೆ ನಂಬಿಕೆ ಬರ್ಲಿಲ್ಲ. ಒಂದು ಬಟ್ಟಲೂ ಹಾಕದೆ ಮೇಲೆ ಹತ್ತಿ ಬಂದ್ಬಿಟ್ಟೆ."

ಡೀಲಿಯಾ ಬಾಗಿಲು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದಳು.

"ಹೋಗು," ಅಂದ ಫಿನ್‌ಬಾರ್, ಸಿಟ್ಟಿಲ್ಲದೆ. "ಕೆಚ್ಚಲು ತುಂಬಿ ನಿಂತಿವೆ, ಪಾಪ. ನೀನೇ ಕರಿ. ನೋಡ್ಕೊಂಡು ಕರಿ."